ಗೋಮಾಳ ನುಂಗಿದ ಬಿಳಿ ಹೂವು

ಮುಂಗಾರಿನ ನಾಲ್ಕು ಹನಿ ಬಿದ್ದರೆ ಸಾಕು, ಬಯಲುಸೀಮೆಯ ಗೋಮಾಳಗಳು ಹಸಿರಾಗುತ್ತವೆ. ದೂರದಿಂದ ನೋಡುವವರಿಗೆ ದನಗಳಿಗಿನ್ನು ಸುಗ್ಗಿ ಎನಿಸುತ್ತದೆ. ಹತ್ತಿರ ಹೋದಾಗ ಅನೇಕ ಕಡೆ ಕಾಣುವುದು ದನ ಬಾಯಿ ಹಾಕದ ಪಾರ್ಥೇನಿಯಂ. ಹಳ್ಳಿಗರ ಬಾಯಲ್ಲಿ ಇದು ಕಾಂಗ್ರೆಸ್ ಗಿಡ. ಇದರ ಬಿಳಿ ಹೂವು ಖಾದಿ ಟೋಪಿಯಂತೆ ಕಂಡದ್ದರಿಂದ ಈ ಹೆಸರು ಬಂತೆನ್ನುವವರಿದ್ದಾರೆ.

ಉಷ್ಣವಲಯದ ಅಮೆರಿಕ ಈ ಗಿಡದ ತವರು. ನಮ್ಮ ದೇಶದಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನು ಗುರುತಿಸಿದ್ದು 1955ರಲ್ಲಿ, ಪುಣೆಯಲ್ಲಿ. ಪಿ.ಎಲ್. 480 ಯೋಜನೆಯ ಗೋಧಿಯೊಡನೆ ಬಂತೆಂಬುದು ಜನಜನಿತ ಕಥೆ. ಆದರೆ ಆ ಯೋಜನೆಯ ಮೊದಲ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1956ರ ಆಗಸ್ಟ್‌ನಲ್ಲಿ. 1951ರಲ್ಲೇ ಸಾಲದ ಲೆಕ್ಕದಲ್ಲಿ ಅಮೆರಿಕದ ಗೋಧಿ ಬಂದಿತ್ತು. ಆದ್ದರಿಂದ ಗೋಧಿಯ ಮೇಲೆ ಗುಮಾನಿ ಉಳಿಯಬಹುದು, ಪಿ.ಎಲ್. 480ರ ಕಥೆ ಮಾತ್ರ ನಿಲ್ಲುವುದಿಲ್ಲ.

ಇಷ್ಟಕ್ಕೂ ಒಂದು ವರ್ಷವೂ ಬಾಳದ ಗಿಡ ಗೋಮಾಳವನ್ನೇ ಗೆದ್ದದ್ದು ಹೇಗೆ? ಗುಟ್ಟಿರುವುದು ಬೀಜದಲ್ಲಿ. ಮೊಳೆತ ಸುಮಾರು ಒಂದು ತಿಂಗಳಿಗೇ ಹೂಬಿಡುವ ಈ ಗಿಡ, ಚೆನ್ನಾಗಿ ಬೆಳೆದರೆ 15 ಸಾವಿರಕ್ಕೂ ಹೆಚ್ಚು ಬೀಜ ಉದುರಿಸುತ್ತದೆ. ದನ ಹುಲ್ಲನ್ನು ಬುಡದವರೆಗೆ ಮೇಯುತ್ತದೆ, ಇದನ್ನು ಬಿಡುತ್ತದೆ. ಹುಲ್ಲು ಸೋತ ಜಾಗವೆಲ್ಲ ಇದರ ಪಾಲು. ಹಸಿವಿಗೆ ತಿಂದ ದನದ ಹಾಲು ಕಹಿಯಾಗುತ್ತದೆ. ಮುಟ್ಟಿದ ಕೆಲವರಿಗೆ ಮೈ ತುರಿಕೆ, ಗಾಳಿಯಲ್ಲಿ ಬಂದ ಪರಾಗದಿಂದ ಉಬ್ಬಸ.

ಹಿಂದಿನವರು ಹುಲ್ಲುಗಾವಲನ್ನು ನೋಡಿಕೊಂಡ ರೀತಿ ಇಲ್ಲಿ ನೆನಪಾಗುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲಕ್ಕೆ ‘ಅಮೃತ ಮಹಲ್’ ಆಯಿತು. ಅದರ ಕಾವಲುಗಳನ್ನು ಬೇಸಿಗೆ, ಮಳೆ, ಚಳಿಗಾಲದ ಕಾವಲುಗಳೆಂದು ವಿಂಗಡಿಸಲಾಗಿತ್ತು. ದನದ ಹಿಂಡು ಋತುವಿಗೆ ತಕ್ಕಂತೆ ಜಾಗ ಬದಲಿಸುತ್ತಿತ್ತು. ಮೇದ ನೆಲಕ್ಕೆ ಬಿಡುವು ಸಿಕ್ಕಿದರೆ ಹುಲ್ಲು ಚೇತರಿಸಿಕೊಳ್ಳುತ್ತದೆ. ದಟ್ಟ ಹುಲ್ಲಿನ ನಡುವೆ ಕಳೆಗೆ ಜಾಗವಿಲ್ಲ.

ಕರ್ನಾಟಕ ಸರ್ಕಾರ 1975ರಲ್ಲಿ ಪಾರ್ಥೇನಿಯಂ ಅನ್ನು ಪೀಡೆಯ ಕಳೆಯೆಂದು ಕಾನೂನಿನ ಮೂಲಕ ಘೋಷಿಸಿತು. 1983ರಲ್ಲಿ ಮೆಕ್ಸಿಕೋದಿಂದ ಜೈಗೋಗ್ರಾಮ ಎಂಬ ದುಂಬಿಯನ್ನು ಬೆಂಗಳೂರಿಗೆ ತಂದು, ಪರೀಕ್ಷೆಯ ನಂತರ 1984ರಲ್ಲಿ ಬಯಲಿಗೆ ಬಿಡಲಾಯಿತು. ಎಲೆಯನ್ನೆಲ್ಲ ತಿಂದು ಗಿಡವನ್ನು ಬೋಳಾಗಿಸುವ ದುಂಬಿಯಿದು. 1990ರ ದಶಕದ ಆರಂಭದಲ್ಲಿ ಸೂರ್ಯಕಾಂತಿಯ ಎಲೆಯನ್ನೂ ಕಚ್ಚುತ್ತಿದೆಯೆಂಬ ಗುಲ್ಲೆದ್ದಿತು. ಸೂರ್ಯಕಾಂತಿ ಎಲೆಗಳ ಮೇಲೆ ಬಿದ್ದ ಪಾರ್ಥೇನಿಯಂ ಪರಾಗವೇ ದುಂಬಿಯನ್ನು ಸೆಳೆದಿತ್ತೆಂದು ಸಂಶೋಧಕರು ಆನಂತರ ವಿವರಿಸಿದರು. ಆದರೂ ದುಂಬಿಯೊಂದನ್ನೇ ನಂಬುವಂತಿಲ್ಲ. ಒಣ ತಿಂಗಳುಗಳಲ್ಲಿ ಅದು ಮಣ್ಣಿನೊಳಗೆ ಮಲಗುತ್ತದೆ, ಗಿಡ ಮಾತ್ರ ತೇವ ಸಿಕ್ಕಲ್ಲೆಲ್ಲ ಏಳುತ್ತದೆ.

ಹಾಗಾದರೆ ದಾರಿ ಯಾವುದು? ಮೊದಲ ಮಳೆಗೆ ನೆಲ ಮೆತ್ತಗಾದಾಗ, ಹೂಬಿಡುವ ಮುನ್ನವೇ ಬೇರು ಸಹಿತ ಕಿತ್ತುಹಾಕಬೇಕು, ಬರಿಗೈ ಬೇಡ. ಕಿತ್ತ ಜಾಗದಲ್ಲಿ ಪೈಪೋಟಿಗೆ ತಗಚೆಯಂಥ ಗಿಡದ ಬೀಜ ಎರಚಬಹುದು. ಗೋಮಾಳದ ಒಂದು ಪಾಲಿಗೆ ಸರದಿಯಂತೆ ಬಿಡುವು ಕೊಡಬೇಕು. ಒಬ್ಬ ರೈತ ಕಿತ್ತು ಪಕ್ಕದವರು ಸುಮ್ಮನಿದ್ದರೆ ಬೀಜ ಮತ್ತೆ ಹಾರಿಬರುತ್ತದೆ. ಗೋಮಾಳ ಊರಿನದು, ಕಳೆಯೂ ಊರಿನ ಹೊಣೆಯೇ. ಈ ಮಳೆಗಾಲದಲ್ಲಿ ಉದುರುವ ಬೀಜ ಮುಂದಿನ ವರ್ಷಗಳ ಮೇವಿಗೆ ಕುತ್ತು ತರುತ್ತದೆಂಬುದನ್ನು ಮರೆಯಬಾರದು.