ಮೇರಿ ಆ್ಯನ್ ನೆಟ್ಟ ಗಿಡ

ಸೇಬು ಹೆಚ್ಚುವಾಗ ಬೀಜಗಳನ್ನು ಕಸದ ಬುಟ್ಟಿಗೆ ಹಾಕುವುದು ನನ್ನ ರೂಢಿ. ಹೋದ ವರ್ಷ ಮೊಮ್ಮಗಳು ಕೈ ಹಿಡಿದು ತಡೆದಳು. "ಅಜ್ಜಿ, ಇದನ್ನ ನೆಟ್ರೆ ಇದೇ ಹಣ್ಣು ಬರತ್ತಾ?"

ಬರುವುದಿಲ್ಲ ಎಂದೆ. ರಸಪೂರಿಯ ಗೊರಟೆಯಿಂದ ರಸಪೂರಿಯೇ ಹುಟ್ಟೀತೆಂಬ ಭರವಸೆ ಇಲ್ಲವಲ್ಲ, ಹಾಗೆ. ಸೇಬಿನ ಬೀಜದಲ್ಲಿ ಅರ್ಧ ತಾಯಿಮರದ್ದು, ಇನ್ನರ್ಧ ಜೇನ್ನೊಣ ಎಲ್ಲಿಂದಲೋ ಹೊತ್ತು ತಂದ ಪರಾಗದ್ದು. ಸಸಿ ಯಾರನ್ನು ಹೋಲುತ್ತದೋ ಹೇಳುವಂತಿಲ್ಲ. ನಮ್ಮ ಮಕ್ಕಳ ಹಾಗೆಯೇ ಅನ್ನಿ.

ಹೀಗೆ ಹುಟ್ಟಿದ ಒಂದು ಸಸಿಯ ಕಥೆ ನನ್ನನ್ನು ಬಹಳ ದಿನ ಕಾಡಿತ್ತು. 1809ರಲ್ಲಿ ಇಂಗ್ಲೆಂಡಿನ ಸೌತ್‌ವೆಲ್ ಎಂಬ ಸಣ್ಣ ಊರಿನಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಸೇಬಿನ ಬೀಜಗಳನ್ನು ಊರಿದಳು. ಮೊಳೆತ ಸಸಿ ಹಿತ್ತಲಲ್ಲಿ ಮರವಾಯಿತು. ಅವಳು ಮದುವೆಯಾಗಿ ಮನೆ ಬಿಟ್ಟಳು. 1846ರಲ್ಲಿ ಆ ಮನೆಯನ್ನು ಮ್ಯಾಥ್ಯೂ ಬ್ರ್ಯಾಮ್ಲಿ ಎಂಬ ಮಾಂಸದ ವ್ಯಾಪಾರಿ ಕೊಂಡ. 1856ರಲ್ಲಿ ಹೆನ್ರಿ ಮೆರ್ರಿವೆದರ್ ಎಂಬ ಹದಿನೇಳರ ಹುಡುಗ, ನರ್ಸರಿಯವರ ಮಗ, ಕಸಿ ಕಟ್ಟಲು ಕಡ್ಡಿ ಕೇಳಿಕೊಂಡು ಬಂದ. ಕೊಡುತ್ತೇನೆ, ಆದರೆ ಹಣ್ಣಿಗೆ ನನ್ನ ಹೆಸರಿಡಬೇಕು ಎಂದನಂತೆ ಬ್ರ್ಯಾಮ್ಲಿ. ಇಂಗ್ಲೆಂಡಿನ ಅಡಿಗೆಮನೆಗಳಲ್ಲಿ ಬೇಯಿಸಿ ತಿನ್ನುವ ಆ ಹುಳಿ ಸೇಬು ಇವತ್ತಿಗೂ ಬ್ರ್ಯಾಮ್ಲಿಯೇ. ಮೇರಿ ಆ್ಯನ್ 1852ರಲ್ಲೇ ತೀರಿಕೊಂಡಿದ್ದಳು.

ನಮ್ಮ ಹಿತ್ತಲಿನ ಮಾವನ್ನು ಇಡೀ ಬೀದಿ 'ಮೇಷ್ಟ್ರ ಮಾವು' ಎನ್ನುತ್ತದೆ. ಗೊರಟೆ ಊರಿ, ಅಕ್ಕಿ ತೊಳೆದ ನೀರು ಹೊಯ್ದು ಬೆಳೆಸಿದವರು ನಮ್ಮತ್ತೆ. ಮಾವನವರು ಅದರ ನೆರಳಲ್ಲಿ ಪೇಪರು ಓದುತ್ತಿದ್ದರು.

ಬ್ರ್ಯಾಮ್ಲಿಯ ಒಳಗುಟ್ಟು ಇನ್ನೂ ಸೊಗಸು. ಸಾಧಾರಣ ಸೇಬಿನ ಜೀವಕೋಶದಲ್ಲಿ 34 ವರ್ಣತಂತುಗಳು. ಪರಾಗ ರೂಪುಗೊಳ್ಳುವಾಗ ಅವು 17ರಂತೆ ಸಮನಾಗಿ ಪಾಲಾಗುತ್ತವೆ. ಬ್ರ್ಯಾಮ್ಲಿಯಲ್ಲಿ ಇರುವುದು ಮೂರು ಪಾಲು, ಅಂದರೆ 51. ಇಬ್ಬರಿಗೆ ಹಂಚುವುದು ಹೇಗೆ? ಪಾಲು ಏರುಪೇರಾಗಿ ಪರಾಗ ಬಹುಮಟ್ಟಿಗೆ ಜೊಳ್ಳು. ಅದಕ್ಕೇ ತೋಟದವರು ಹತ್ತಿರದಲ್ಲಿ ಬೇರೆ ಎರಡು ಜಾತಿಯ ಸೇಬು ನೆಡುತ್ತಾರೆ. ಅವು ಬ್ರ್ಯಾಮ್ಲಿಗೂ ಕೊಡಬೇಕು, ತಮ್ಮತಮ್ಮಲ್ಲೂ ಕೊಟ್ಟುಕೊಳ್ಳಬೇಕು. ಬ್ರ್ಯಾಮ್ಲಿ ಪಡೆಯುವುದೇ ಹೊರತು ತಿರುಗಿ ಕೊಡುವುದಿಲ್ಲ. ಹೆಸರಿಟ್ಟವನ ಗುಣ ಅಂಟಿರಬೇಕು!

ಇದೇ ಮೂರು ಪಾಲಿನ ತೊಡಕು ಚೀನಾದ ಒಂದು ಕಾಡುಸೇಬಿಗೂ ಉಂಟು. ಅಲ್ಲಿನ ಜನ ಅದರ ಎಲೆಯಿಂದ ಚಹಾ ಕಾಸುತ್ತಿದ್ದರು. ಆ ಮರ ಬೇರೆ ದಾರಿ ಹುಡುಕಿಕೊಂಡಿದೆ: ಪರಾಗದ ಅಂಶ ಬೆರೆಯದೆಯೇ ತಾಯಿಯ ಅಂಶದಿಂದಲೇ ಬೀಜದೊಳಗೆ ಭ್ರೂಣ ಕಟ್ಟುತ್ತದೆ. ಹುಟ್ಟುವ ಸಸಿಗಳಲ್ಲಿ ಹೆಚ್ಚಿನವು ತಾಯಿಯ ಪಡಿಯಚ್ಚು. ಮೇರಿ ಆ್ಯನಳ ಮರಕ್ಕೆ ಆ ವಿದ್ಯೆ ಬರಲಿಲ್ಲ. ಹಾಗಾಗಿ ಪ್ರಪಂಚದ ಬ್ರ್ಯಾಮ್ಲಿ ಮರಗಳೆಲ್ಲ ಮೂಲದಲ್ಲಿ ಅವಳ ಆ ಒಂದೇ ಮರದ ಕಡ್ಡಿಗಳು. 1900ರ ಬಿರುಗಾಳಿಗೆ ಮರ ಉರುಳಿದಾಗಲೂ ನೆಲ ಮುಟ್ಟಿದ ಕೊಂಬೆ ಬೇರುಬಿಟ್ಟು ಮತ್ತೆ ಮೇಲೆದ್ದಿತು.

ಮೊಮ್ಮಗಳ ಕುಂಡದಲ್ಲಿ ಎರಡು ಸಸಿ ಮೊಳೆತಿವೆ. ನಮ್ಮೂರ ಸೆಕೆಗೆ ಹಣ್ಣು ಬಿಡುವುದು ಅನುಮಾನವೇ. ಆದರೂ ಐಸ್‌ಕ್ರೀಮ್ ಕಡ್ಡಿಯ ಮೇಲೆ ನಿನ್ನ ಹೆಸರು ಬರೆದು ಸಿಕ್ಕಿಸು ಎಂದೆ. ಅವಳು ನನ್ನನ್ನೇ ನೋಡಿ, "ಮಾವಿನ ಮರಕ್ಕೆ ಮುತ್ತಜ್ಜೀದೂ ಬರೀಲಾ?" ಎಂದಳು.