ಊಜಿಯ ಹಸುರು ಚಹ

ಜಪಾನಿನ ಕ್ಯೋಟೋ ನಗರದ ದಕ್ಷಿಣಕ್ಕೆ ಊಜಿ ಎಂಬ ಪಟ್ಟಣವುಂಟು. 1053ರಲ್ಲಿ ನಿರ್ಮಿತವಾದ ಅಲ್ಲಿಯ ಫೀನಿಕ್ಸ್ ಮಂದಿರವನ್ನು ನೋಡಲು ಬಂದ ಯಾತ್ರಿಕರಲ್ಲಿ ಬಹುಮಂದಿ, 1854ರಲ್ಲಿ ಸ್ಥಾಪಿತವಾದ ನಾಕಾಮುರಾ ತೋಕಿಚಿ ಎಂಬ ಚಹದಂಗಡಿಯ ಮುಂದೆಯೂ ಸಾಲುಗಟ್ಟಿ ನಿಲ್ಲುವರು. ನಾವೂ ನಿಂತೆವು. ಬಹಳ ಹೊತ್ತು ಕಾದ ಮೇಲೆ ಬಿದಿರಿನ ಕೊಳವೆಯೊಂದು ನಮ್ಮೆದುರಿಗೆ ಬಂದಿತು. ಅದರಲ್ಲಿ ಹಸುರು ಚಹದ ಜೆಲ್ಲಿ. ಮೇಲೆ ಅದೇ ಬಣ್ಣದ ಐಸ್‌ಕ್ರೀಂ, ಅಕ್ಕಿಹಿಟ್ಟಿನ ಉಂಡೆಗಳು, ಸಿಹಿಗೂಡಿಸಿ ಬೇಯಿಸಿದ ಕೆಂಪು ಕಾಳು. ಅಷ್ಟು ಸಿಹಿಯ ನಡುವೆಯೂ ಚಹದ ಕಹಿಯು ತನ್ನ ಗೌರವವನ್ನು ಬಿಟ್ಟುಕೊಟ್ಟಿರಲಿಲ್ಲ. ಆದರೆ ಜೊತೆಯಲ್ಲಿದ್ದ ಹಿರಿಯರೊಬ್ಬರು, "ಪೂಜ್ಯವಾದ ಪಾನವನ್ನು ಮಕ್ಕಳ ತಿಂಡಿಯಾಗಿ ಮಾಡಿಬಿಟ್ಟರಲ್ಲಾ!" ಎಂದು ನೊಂದುಕೊಂಡರು.

ಈ ಆಕ್ಷೇಪಕ್ಕೆ ಚರಿತ್ರೆಯೇ ಉತ್ತರ ಕೊಡುವುದು. 1191ರಲ್ಲಿ ಚೀನಾದಿಂದ ಮರಳಿದ ಐಸಾಯ್ ಎಂಬ ಬೌದ್ಧಯತಿಯು, 1214ರಲ್ಲಿ ಮದ್ಯಪಾನದಿಂದ ಅಸ್ವಸ್ಥನಾಗಿದ್ದ ಷೋಗನ್ ಸಾನೆತೊಮೊವಿಗೆ ಒಂದು ಬಟ್ಟಲು ಚಹವನ್ನೂ ಅದರ ಗುಣವನ್ನು ಕೊಂಡಾಡುವ ತನ್ನ ಗ್ರಂಥವನ್ನೂ ಒಪ್ಪಿಸಿದನು. ಅಂದು ಅದು ಔಷಧ. ಯತಿಗಳಿಗೆ ನಿದ್ರೆಯನ್ನು ಗೆಲ್ಲುವ ಸಾಧನ. 16ನೆಯ ಶತಮಾನದಲ್ಲಿ ಸೆನ್ ನೊ ರಿಕ್ಯೂವಿನಂಥವರಿಂದ ಒಂದು ಕಲೆ. ಬಳಿಕ ಟೊಕುಗಾವಾ ಷೋಗನ್ನರ ಕಾಲದಲ್ಲಿ ಅದು ರಾಜವೈಭವವೇ ಆಯಿತು. ಪ್ರತಿವರ್ಷವೂ ಎಡೋ ನಗರದಿಂದ, ಎಂದರೆ ಇಂದಿನ ಟೋಕಿಯೋದಿಂದ, ಬರಿಯ ಭರಣಿಗಳು ಊಜಿಗೆ ಬಂದು, ಹೊಸ ಎಲೆಯನ್ನು ತುಂಬಿಕೊಂಡು ಮೆರವಣಿಗೆಯಲ್ಲಿ ಹಿಂದಿರುಗುತ್ತಿದ್ದುವು. ಎದುರಾದ ಸಾಮಂತನು ದಾರಿ ಬಿಡಬೇಕು. ರೈತನು ನೆಲಕ್ಕೆ ಬಾಗಬೇಕು. ಈ ಪದ್ಧತಿಯು 1867ರಲ್ಲಿ ನಿಂತಿತು. ಮರುವರ್ಷ ಮೇಜಿ ಯುಗವು ಆರಂಭವಾಗಲು, ಆಶ್ರಯವಳಿದ ಊಜಿಯ ವರ್ತಕರು ಸಾಮಾನ್ಯ ಗಿರಾಕಿಯನ್ನು ಅರಸಬೇಕಾಯಿತು.

ಆದುದರಿಂದ ಚಹಕ್ಕೆ ಸಕ್ಕರೆಯಿಂದ ಅಪಚಾರವಾಯಿತೆನ್ನುವುದು ಸಲ್ಲದು. ಭಯವಿರುವುದು ಆತುರದಿಂದ. ಕೊಯ್ಲಿಗೆ ಮುನ್ನ ಕೆಲವು ವಾರ ಗಿಡಗಳನ್ನು ಬಿಸಿಲಿನಿಂದ ಮರೆಮಾಡಬೇಕು. ಬೀಸುವ ಕಲ್ಲು ಗಂಟೆಗೆ ಸುಮಾರು 40 ಗ್ರಾಂ ಪುಡಿಯನ್ನು ಮಾತ್ರ ಕೊಡುವುದು. ಲೋಕದ ಬೇಡಿಕೆಯೋ ಕಾಯಲೊಲ್ಲದು. 2024ರಲ್ಲಿ ಕ್ಯೋಟೋ ಸೀಮೆಯ ಕೆಲವು ಹಳೆಯ ಅಂಗಡಿಗಳು ಒಬ್ಬೊಬ್ಬರಿಗೆ ಇಷ್ಟೇ ಎಂದು ಮಿತಿಯನ್ನು ಕಟ್ಟಬೇಕಾಯಿತು.

ನಮ್ಮ ಪಕ್ಕದ ಮೇಜಿನಲ್ಲಿ ಶಾಲೆಯ ಹುಡುಗಿಯೊಬ್ಬಳು ಕೊಳವೆಯ ತಳದವರೆಗೂ ಚಮಚೆಯನ್ನು ಇಳಿಸಿ ಕೊನೆಯ ತುಣುಕನ್ನು ಹುಡುಕುತ್ತಿದ್ದಳು. ಅವಳ ಪೂರ್ವಿಕರು ಮುಚ್ಚಿದ ಭರಣಿಗೆ ತಲೆಬಾಗಿದ್ದರು. ಒಳಗಿನ ರುಚಿಯನ್ನು ಅವರು ಕಂಡಿರಲಾರರು. ಅದನ್ನು ತೋರಿಸಿದಾಗ ನಮ್ಮ ಹಿರಿಯರು ಮರುಮಾತನಾಡದೆ ತಮ್ಮ ಕೊಳವೆಯನ್ನು ಹತ್ತಿರಕ್ಕೆ ಎಳೆದುಕೊಂಡರು.