ಕಚೇರಿಯಿಂದ ಜಗಲಿಗೆ: ಮೈಸೂರು ಸೀಮೆಯ ಸಮಾಜಶಾಸ್ತ್ರಾಧ್ಯಯನದ ಪೂರ್ವೋತ್ತರ

ಒಂದು ಶಾಸ್ತ್ರವು ವಿಶ್ವವಿದ್ಯಾನಿಲಯದಲ್ಲಿ ಪ್ರತ್ಯೇಕ ವಿಭಾಗವೆಂಬ ಮನ್ನಣೆ ಪಡೆದ ದಿನವನ್ನೇ ಅದರ ಜನ್ಮದಿನವೆಂದು ಎಣಿಸುವುದು ಆಡಳಿತದ ಕಡತಗಳಿಗೆ ಒಪ್ಪುವ ಪದ್ಧತಿಯೇ ಹೊರತು ಚರಿತ್ರಕಾರನಿಗೆ ಒಪ್ಪತಕ್ಕುದಲ್ಲ. ಮೈಸೂರು ಸೀಮೆಯಲ್ಲಿ ಸಮಾಜಶಾಸ್ತ್ರವೆಂಬ ಹೆಸರಿನ ಪೀಠ ಏರ್ಪಡುವುದಕ್ಕೆ ಬಹುಕಾಲ ಮುಂಚೆಯೇ ಇಲ್ಲಿಯ ಜಾತಿ, ಕುಲ, ವಿವಾಹ, ಆಚಾರಗಳನ್ನು ಕುರಿತ ಬರಹ ರಾಶಿಯಾಗಿ ಬೆಳೆದಿದ್ದಿತು. ಆ ಬರಹವನ್ನು ಯಾರು ಎಲ್ಲಿ ಕುಳಿತು ಬರೆದರು, ಯಾರನ್ನು ಕೇಳಿ ಬರೆದರು, ಯಾವ ಭಾಷೆಯಲ್ಲಿ ಕೇಳಿ ಯಾವ ಭಾಷೆಯಲ್ಲಿ ಬರೆದರು ಎಂಬ ಪ್ರಶ್ನೆಗಳನ್ನು ಹಿಡಿದು ಹೊರಟರೆ, ವಿಭಾಗಗಳ ಸ್ಥಾಪನೆಯ ತೇದಿಗಳು ತಿಳಿಸದ ಸಂಗತಿಗಳು ಕೆಲವು ಗೋಚರವಾಗುತ್ತವೆ.

ಮೊದಲು ಬಂದವನು ಕಚೇರಿಯವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಕಂಪೆನಿ ಸರ್ಕಾರದ ಆಜ್ಞೆಯಂತೆ ಸೀಮೆಯನ್ನೆಲ್ಲ ಸುತ್ತಿ ಬೆಳೆ, ಕಸುಬು, ಜಾತಿಗಳ ವಿವರಗಳನ್ನು ಬರೆದುಕೊಂಡ ಫ್ರಾನ್ಸಿಸ್ ಬುಕಾನನ್, ಅವುಗಳನ್ನು 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದನು. ಗೆದ್ದ ನಾಡಿನ ಹುಟ್ಟುವಳಿಯೇನೆಂಬುದನ್ನು ತಿಳಿಯುವುದು ಆ ಪ್ರಯಾಣದ ಪ್ರಯೋಜನವಾಗಿದ್ದಿತು. ಒಂದು ಶತಮಾನದ ತರುವಾಯ, 1901ರ ಜನಗಣತಿಯ ಬೆನ್ನಿಗೆ, ಬ್ರಿಟಿಷ್ ಅಧಿಕಾರಿ ರಿಸ್ಲಿಯ ಮೇಲ್ವಿಚಾರಣೆಯಲ್ಲಿ ಹಿಂದೂಸ್ಥಾನದಾದ್ಯಂತ ಜನಾಂಗವಿವರಣೆಯ ಸಮೀಕ್ಷೆ ಆರಂಭವಾಯಿತು. ಮೂಗಿನ ಉದ್ದಗಲಗಳನ್ನು ಅಳೆದು ಜಾತಿಯ ಮೇಲುಕೀಳನ್ನು ನಿರ್ಣಯಿಸಬಹುದೆಂದು ಈತನು ನಂಬಿದ್ದನು. ಮೈಸೂರಿನಲ್ಲಿ ಈ ಕಾರ್ಯಭಾರವನ್ನು ವಹಿಸಿಕೊಂಡವರು ಎಚ್. ವಿ. ನಂಜುಂಡಯ್ಯನವರು. ಇವರೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳೂ ಆದವರೆಂಬುದನ್ನು ನಮ್ಮ ಸಮಾಜಶಾಸ್ತ್ರದ ವಿದ್ಯಾರ್ಥಿಗಳು ನೆನೆಯುವುದು ವಿರಳ. ಒಂದೊಂದು ಜಾತಿಗೂ ಒಂದೊಂದು ಕಿರುಪುಸ್ತಕವೆಂಬಂತೆ ಅವರು ಹೊರಡಿಸಿದ ಬರಹಗಳನ್ನು, 1920ರಲ್ಲಿ ಅವರು ತೀರಿಕೊಂಡ ಮೇಲೆ, ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಮುಂದುವರಿಸಿ 1928ರಿಂದ 1935ರವರೆಗೆ ನಾಲ್ಕು ಸಂಪುಟಗಳಾಗಿ ಬೆಳಕಿಗೆ ತಂದರು. ಪರಿಷತ್ತಿನ ಅಧ್ಯಕ್ಷರ ಈ ಗ್ರಂಥವೂ ಇಂಗ್ಲಿಷಿನಲ್ಲಿಯೇ ಇದ್ದಿತೆಂಬುದು ಆಕ್ಷೇಪಣೆಯ ಮಾತಲ್ಲ, ಕಾಲಧರ್ಮ. ಆದರೆ ಅದರ ಪುಟಪುಟದಲ್ಲಿಯೂ ತೆರ, ಸೋಬಾನೆ, ಕೂಡಿಕೆ, ಕಟ್ಟೆಮನೆ ಮೊದಲಾದ ಕನ್ನಡದ ಮಾತುಗಳು ಇಂಗ್ಲಿಷಿನ ವಾಕ್ಯಗಳ ನಡುವೆ ನೆಂಟರ ಮನೆಗೆ ಬಂದು ಸಂಕೋಚದಿಂದ ಬಾಗಿಲಲ್ಲೇ ನಿಂತವರಂತೆ ನಿಂತಿರುವುದನ್ನು ಕಂಡಾಗ ಒಂದು ಬಗೆಯ ವಿಷಾದ ಉಂಟಾಗದೆ ಇರುವುದಿಲ್ಲ.

ಎರಡನೆಯವನು ಉಪನ್ಯಾಸ ಮಂದಿರದವನು. ಮಹಾರಾಜಾ ಕಾಲೇಜಿನಲ್ಲಿ ಸಮಾಜವಿಷಯಕ ಬೋಧನೆ ಮೊಳೆತುದು ತತ್ತ್ವಶಾಸ್ತ್ರದ ತೋಟದಲ್ಲಿ. ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎ. ಆರ್. ವಾಡಿಯಾ ಅವರ ಆಶ್ರಯದಲ್ಲಿ ಅದು ‘ಸಮಾಜ ತತ್ತ್ವಶಾಸ್ತ್ರ’ವೆಂಬ ಹೆಸರಿನಿಂದ ಆನರ್ಸ್ ತರಗತಿಯ ವಿಷಯವಾಯಿತು. ನೀತಿಶಾಸ್ತ್ರ, ರಾಜ್ಯತತ್ತ್ವ, ಸಾಮಾಜಿಕ ಸಂಸ್ಥೆಗಳ ವಿಚಾರಗಳು ಒಂದೇ ಪಂಕ್ತಿಯಲ್ಲಿ ಕುಳಿತ ಆ ಪಠ್ಯಕ್ರಮ ವಿಸ್ತಾರದಲ್ಲಿ ಉದಾರವಾಗಿದ್ದರೂ, ಸಮಾಜವು ಹೇಗಿರಬೇಕೆಂಬ ಪ್ರಶ್ನೆಗೆ ಕೊಟ್ಟ ಗೌರವವನ್ನು ಅದು ಹೇಗಿದೆಯೆಂಬ ಪ್ರಶ್ನೆಗೆ ಕೊಟ್ಟಂತೆ ತೋರುವುದಿಲ್ಲ. ಬಾಂಧವ್ಯದ ವಿಷಯವನ್ನೇ ತೆಗೆದುಕೊಳ್ಳಬಹುದು. ಸೋದರಮಾವನ ಮಗಳು ಹೆಣ್ಣು ತರಲು ತಕ್ಕವಳು, ಚಿಕ್ಕಪ್ಪನ ಮಗಳು ತಂಗಿ, ಆಕೆಯನ್ನು ಆ ದೃಷ್ಟಿಯಿಂದ ನೋಡುವುದೇ ಪಾಪ ಎಂಬುದು ಹಳ್ಳಿಯ ಹುಡುಗನಿಗೆ ಉಪನಯನಕ್ಕೂ ಅಕ್ಷರಾಭ್ಯಾಸಕ್ಕೂ ಮೊದಲೇ ತಿಳಿದ ವಿಷಯ. ಇಬ್ಬರನ್ನೂ ಒಂದೇ ಪದದಿಂದ ಕರೆಯುವ ಇಂಗ್ಲಿಷಿನಲ್ಲಿ ಅದನ್ನು ಓದಬೇಕಾದಾಗ, ಭಾವ, ಮೈದುನ, ಅತ್ತಿಗೆ, ನಾದಿನಿಯರ ಸೂಕ್ಷ್ಮ ಭೇದಗಳನ್ನು ಮರೆತು ಪರೀಕ್ಷೆಗಾಗಿ ಪುನಃ ಕಲಿಯಬೇಕಾಗುತ್ತಿದ್ದಿತು.

ಈ ಆನರ್ಸ್ ತರಗತಿಯಿಂದ 1936ರಲ್ಲಿ ಉತ್ತೀರ್ಣರಾಗಿ ಹೊರಬಂದವರಲ್ಲಿ ಮೈಸೂರು ನಗರದಲ್ಲಿಯೇ ಹುಟ್ಟಿದ ಎಂ. ಎನ್. ಶ್ರೀನಿವಾಸರು ಒಬ್ಬರು. ಮುಂದಿನ ಓದಿಗೆ ಅವರು ಹೋದುದು ಮುಂಬಯಿಗೆ. ಅಲ್ಲಿ 1919ರಲ್ಲಿ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಅವರ ನೇತೃತ್ವದಲ್ಲಿ ಸಮಾಜಶಾಸ್ತ್ರದ ವಿಭಾಗ ಆರಂಭವಾಗಿದ್ದಿತು. ಸಸ್ಯಶಾಸ್ತ್ರಜ್ಞರಾಗಿ ತೊಡಗಿ ನಗರನಿರ್ಮಾಣದ ಆಚಾರ್ಯರಾದ ಗೆಡ್ಡೆಸ್ ಅವರು, ಸಂಸ್ಕೃತದಲ್ಲಿ ಎಂ.ಎ. ಪಡೆದಿದ್ದ ಜಿ. ಎಸ್. ಘುರ್ಯೆಯೆಂಬ ತರುಣನನ್ನು ಆರಿಸಿ ಇಂಗ್ಲೆಂಡಿಗೆ ಕಳುಹಿಸಿದರು. ಘುರ್ಯೆಯವರು ಕೇಂಬ್ರಿಜ್ಜಿನಲ್ಲಿ, ನೀಲಗಿರಿಯ ತೊದವರನ್ನು ಕುರಿತು 1906ರಲ್ಲಿ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ್ದ ರಿವರ್ಸ್ ಅವರ ಶಿಷ್ಯರಾದರು. 1922ರಲ್ಲಿ ರಿವರ್ಸ್ ತೀರಿಕೊಂಡ ಮೇಲೆ ಹ್ಯಾಡನ್ ಅವರ ಬಳಿ ವ್ಯಾಸಂಗವನ್ನು ಮುಗಿಸಿ, 1924ರಲ್ಲಿ ಮುಂಬಯಿಯ ವಿಭಾಗದ ಮುಖ್ಯಸ್ಥರಾಗಿ, 1959ರವರೆಗೂ ಅಲ್ಲಿಯೇ ಉಳಿದರು. ರಿಸ್ಲಿಯ ಮೂಗಿನಳತೆಯ ವಾದವನ್ನು ಅವರು 1932ರ ತಮ್ಮ ಗ್ರಂಥದಲ್ಲಿ ಪರೀಕ್ಷಿಸಿ, ಅದು ದೇಶದ ಬಹುಭಾಗಕ್ಕೆ ಸಲ್ಲದೆಂದು ತೋರಿಸಿದರು. ಸ್ವತಃ ಗ್ರಂಥಗಳ ನಡುವೆ ಕುಳಿತು ಬರೆಯುವುದನ್ನೇ ಹೆಚ್ಚಾಗಿ ಮೆಚ್ಚಿದ ಈ ಗುರುಗಳು, ಶಿಷ್ಯರನ್ನು ಮಾತ್ರ ನಾಡಿನ ಮೂಲೆಮೂಲೆಗಳಿಗೆ ಅಟ್ಟುತ್ತಿದ್ದರೆಂಬುದು ಸ್ವಾರಸ್ಯವಾದ ಸಂಗತಿ. ಮೈಸೂರಿನ ವಿವಾಹ ಮತ್ತು ಕುಟುಂಬಗಳನ್ನು ಕುರಿತು ಶ್ರೀನಿವಾಸರು ಮುಂಬಯಿಯಲ್ಲಿ ಸಿದ್ಧಪಡಿಸಿದ ಪ್ರಬಂಧ 1942ರಲ್ಲಿ ಪುಸ್ತಕವಾಯಿತು. ಅನಂತರ ಘುರ್ಯೆಯವರ ಸೂಚನೆಯಂತೆ ಅವರು ಕೊಡಗಿನತ್ತ ತಿರುಗಿದರು.

ಕೊಡಗಿನ ಸಾಮಗ್ರಿಯನ್ನು ಹೊತ್ತು 1945ರಲ್ಲಿ ಆಕ್ಸ್‌ಫರ್ಡಿಗೆ ಹೋದ ಅವರಿಗೆ ರ್‍ಯಾಡ್‌ಕ್ಲಿಫ್-ಬ್ರೌನ್ ಮತ್ತು ಇವಾನ್ಸ್-ಪ್ರಿಚರ್ಡ್ ಎಂಬಿಬ್ಬರು ಆಚಾರ್ಯರ ಮಾರ್ಗದರ್ಶನ ದೊರೆಯಿತು. 1952ರಲ್ಲಿ ಅಚ್ಚಾದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಆ ಗ್ರಂಥದಲ್ಲಿಯೇ, ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವುದನ್ನು ಸೂಚಿಸುವ ‘ಸಂಸ್ಕೃತೀಕರಣ’ವೆಂಬ ಪರಿಭಾಷೆ ಪ್ರಸಿದ್ಧಿಗೆ ಬಂದಿತು. ನನಗೆ ಅದಕ್ಕಿಂತ ಹಿರಿದೆಂದು ತೋರುವುದು ಕೊಡವರ ‘ಒಕ್ಕ’ವೆಂಬ ಮಾತನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಂಡು, ಆ ಮನೆತನದ ಸುತ್ತಲೇ ಇಡೀ ಸಮಾಜದ ವಿವರಣೆಯನ್ನು ಕಟ್ಟಿದ ಧೈರ್ಯ. ಬಾಗಿಲಲ್ಲಿ ನಿಂತಿದ್ದ ದೇಶೀಯ ಮಾತು ಇಲ್ಲಿ ಒಳಗೆ ಬಂದು ಮಣೆಯ ಮೇಲೆ ಕುಳಿತಿತು.

ಮೂರನೆಯ ಸ್ಥಾನವೇ ಜಗಲಿ. 1948ರಲ್ಲಿ, ಆಕ್ಸ್‌ಫರ್ಡಿನ ಉಪನ್ಯಾಸಕ ಪದವಿಯ ಮೊದಲ ವರ್ಷವನ್ನು ಕ್ಷೇತ್ರಕಾರ್ಯಕ್ಕೆ ಮೀಸಲಿಡುವ ಅವಕಾಶ ದೊರೆತಾಗ, ಶ್ರೀನಿವಾಸರು ಮೈಸೂರಿಗೆ ಸಮೀಪದ ಒಂದು ಹಳ್ಳಿಗೆ ಹೋಗಿ, ಊರಿನ ಪಟೇಲರಿಗೆ ಸೇರಿದ, ಎತ್ತುಗಳನ್ನು ಕಟ್ಟುವ ಮನೆಯೊಂದರಲ್ಲಿ ಬಿಡಾರ ಹೂಡಿದರು. ಬರಹದಲ್ಲಿ ಆ ಊರಿಗೆ ಅವರು ಕೊಟ್ಟ ಕಲ್ಪಿತ ನಾಮ ರಾಮಪುರ. ಅಲ್ಲಿ ಪ್ರಶ್ನಾವಳಿಗಿಂತ ಹೆಚ್ಚಾಗಿ ಕೆಲಸಕ್ಕೆ ಬಂದುದು ಕುಳಿತು ಕೇಳುವ ತಾಳ್ಮೆ. ಅಗಸರಲ್ಲಿ ಹುಟ್ಟಿದ ಒಂದು ನ್ಯಾಯ, ಅವಿಭಕ್ತ ಕುಟುಂಬವೊಂದರ ಪಾಲಿನ ಜಗಳ, ವಂಶಪರಂಪರೆಯ ಆಳಾದ ಹಳೆಮಗನಿಗೂ ಒಡೆಯನಿಗೂ ಇದ್ದ ಸಂಬಂಧ, ಜೀತದಾಳಿನ ಕರಾರು ಇವುಗಳು ಶಾಸ್ತ್ರಗ್ರಂಥಗಳ ನಾಲ್ಕು ವರ್ಣಗಳ ಚೌಕಟ್ಟಿನಲ್ಲಿ ಹಿಡಿಯದೆ ಹೊರಚೆಲ್ಲಿದವು. ವರ್ಣದ ಲೆಕ್ಕದಲ್ಲಿ ಶೂದ್ರರೆನಿಸಿದ ಒಕ್ಕಲಿಗರು ಭೂಮಿ, ಜನಸಂಖ್ಯೆ, ಪಂಚಾಯಿತಿಯ ಮಾತು ಈ ಮೂರರ ಬಲದಿಂದ ಊರನ್ನೇ ನಡೆಸುತ್ತಿದ್ದುದನ್ನು ಕಂಡೇ ಅವರು ‘ಪ್ರಬಲ ಜಾತಿ’ಯ ಭಾವನೆಯನ್ನು ರೂಪಿಸಿ, 1959ರ ಒಂದು ಲೇಖನದಲ್ಲಿ ವಿಸ್ತರಿಸಿದರು.

ಇದರ ಉತ್ತರಕಥೆ ಅನೇಕರಿಗೆ ಗೊತ್ತಿರುವುದೇ. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ, ಹದಿನೆಂಟು ವರ್ಷಗಳ ಕಾಲ ಅವರು ಪರಿಷ್ಕರಿಸಿ ಜೋಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಸಿಕ್ಕಿದವು. ಸಾಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞರ ಪ್ರೋತ್ಸಾಹದಿಂದ ನೆನಪನ್ನೇ ಆಧಾರವಾಗಿಟ್ಟುಕೊಂಡು ಅವರು ರಚಿಸಿದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂದಿತು. ಕೋಷ್ಟಕಗಳು ಸುಟ್ಟುಹೋದುದರಿಂದ ಮನುಷ್ಯರು ಉಳಿದರೆಂದು ಹೇಳಿದರೆ ಕ್ರೂರವಾದೀತಾದರೂ, ಓದಿದವರಿಗೆ ಹಾಗೆನ್ನಿಸುವುದು ಸುಳ್ಳಲ್ಲ.

ಈ ನಡುವೆ ವಿಭಾಗಗಳು ಹೆಚ್ಚಿದ್ದವು. ಬರೋಡದಲ್ಲಿ 1951ರಿಂದ ಪ್ರಾಧ್ಯಾಪಕರಾಗಿದ್ದ ಶ್ರೀನಿವಾಸರನ್ನು, ದೆಹಲಿಯ ಕುಲಪತಿ ವಿ. ಕೆ. ಆರ್. ವಿ. ರಾವ್ ಅವರು 1959ರಲ್ಲಿ ಹೊಸ ವಿಭಾಗವನ್ನು ಕಟ್ಟಲು ಕರೆದರು. ಅದೇ ರಾಯರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದಾಗ ಮರಳಿ ಇಲ್ಲಿಗೆ ಕರೆತಂದರು. ಧಾರವಾಡದಲ್ಲಿ ಕೆ. ಈಶ್ವರನ್ ಅವರು 1960ರಲ್ಲಿ ತೌಲನಿಕ ಸಮಾಜಶಾಸ್ತ್ರದ ಅಂತರರಾಷ್ಟ್ರೀಯ ಪತ್ರಿಕೆಯೊಂದನ್ನು ಆರಂಭಿಸಿದರು. ಮಂಡ್ಯದ ಕಡೆ ನಾಲೆಯ ನೀರು ಹರಿದ ಹಳ್ಳಿಯನ್ನೂ ಹರಿಯದ ಹಳ್ಳಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಸ್ಕಾರ್ಲೆಟ್ ಎಪ್ಸ್ಟೀನ್ ಅವರ 1962ರ ಅಧ್ಯಯನ, ಹಳ್ಳಿಯೆಂದರೆ ಎಲ್ಲೆಡೆಯೂ ಒಂದೇ ಎಂಬ ಭ್ರಮೆಯನ್ನು ಹರಿಯಿತು.

ಆದರೆ ಜಗಲಿಯೂ ಒಂದು ಸ್ಥಾನವೇ. ಅಲ್ಲಿಂದ ಕಾಣುವುದಿರುವಂತೆ ಕಾಣದಿರುವುದೂ ಇದೆ. ಪಟೇಲರ ಆಶ್ರಯದಲ್ಲಿದ್ದ ಬ್ರಾಹ್ಮಣ ಅತಿಥಿಗೆ ಹೊಲಗೇರಿಯ ದಾರಿ ಸುಗಮವಾಗಿರಲಿಲ್ಲವೆಂಬುದನ್ನು ಶ್ರೀನಿವಾಸರೇ ಮರೆಮಾಚದೆ ಬರೆದಿದ್ದಾರೆ. ಅದನ್ನು ತಪ್ಪೊಪ್ಪಿಗೆಯಾಗಿ ಬಿಡದೆ ಶಾಸ್ತ್ರದ ಪ್ರಶ್ನೆಯಾಗಿ ಎತ್ತಿದವರು ಮ್ಯಾಂಚೆಸ್ಟರಿನಲ್ಲಿ ವ್ಯಾಸಂಗ ಮಾಡಿ ಬಂದು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದ, ದಲಿತ ಸಮುದಾಯದಿಂದ ಬಂದ ಸಿ. ಪಾರ್ವತಮ್ಮನವರು. 1978ರಲ್ಲಿ ಪ್ರಕಟವಾದ ಅವರ ವಿಮರ್ಶೆ ‘ದಿ ರಿಮೆಂಬರ್ಡ್ ವಿಲೇಜ್’ ಗ್ರಂಥವನ್ನು ಶಿರೋನಾಮೆಯಲ್ಲಿಯೇ ಒಬ್ಬ ಬ್ರಾಹ್ಮಣನ ಯಾತ್ರೆಯೆಂಬ ಅರ್ಥದಲ್ಲಿ ಕರೆಯಿತು. ಮಾತು ಕಟುವಾಯಿತೆಂದು ಆಗ ಕೆಲವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಜಾತಿಗಳನ್ನು ಒಂದೊಂದಾಗಿ ಪಟ್ಟಿಮಾಡಿದ ನಂಜುಂಡಯ್ಯನವರು ಮೊದಲ ಕುಲಪತಿಗಳಾಗಿದ್ದ ಅದೇ ವಿಶ್ವವಿದ್ಯಾನಿಲಯದಲ್ಲಿ, ಹಿಂದೆ ಆ ಪಟ್ಟಿಯೊಳಗಿನ ಒಂದು ಹೆಸರು ಮಾತ್ರವಾಗಿದ್ದ ಕೇರಿಯಿಂದ ಬಂದವರೊಬ್ಬರು ಪೀಠದಲ್ಲಿ ಕುಳಿತು, ಬರೆಯುವವನು ಎಲ್ಲಿ ಕುಳಿತಿದ್ದನೆಂದು ಈಗ ಕೇಳುತ್ತಿದ್ದರು.